ಹಿರೇಕಿ ಗುರ್ತು

ತುಕ್ಕಾನಟ್ಟಿ ದುಂಡವ್ವ ಗೋಕಾಕಕ್ಕ ಬಂದು, ಕೋರ್ಟಿನ ಹಿಂದಿನ ಓಣಿಯಾಗ ವಿಜಯಲಕ್ಷ್ಮಿ ಖೋಲಿ ಮೆಟ್ಟಲಾ ಏರಿ, "ಯವ್ವಾ, ನಿನ್ನ ಕಡೆ ಒಂದು ಕೆಲಸ ಐತಿ" ಅಂತ ಕೂತಾಗ ವಿಜಯಲಕ್ಷ್ಮಿಗೆ ಮೊದಲು ಬಂದದ್ದು ಸಿಟ್ಟು. ಬರದ ಏನ ಮಾಡೀತು? ತಂಗಿ ಮಾಯಾ ಸತ್ತು ಒಂದೂವರಿ ವರ್ಷ ಆಗಿತ್ತು. ಅಷ್ಟು ದಿನದಾಗ ಈ ಮುದುಕಿ, ಮಾಯಾನ ಅತ್ತಿ, ಒಂದ ಸಲಾನೂ ಈ ಮನಿ ಕಡೆ ಹೊಳ್ಳಿ ನೋಡಿರಲಿಲ್ಲ. ಮಾಯಾನ ಮಗಳು ಲಕ್ಕಿ, ಐದು ವರ್ಷದ ಕೂಸು, ಒಂದ ಹಬ್ಬಕ್ಕರ ಅಜ್ಜಿ ಮನಿಗಿ ಕಳಿಸ್ರಿ ಅಂದ್ರ ಕಳಿಸಿರಲಿಲ್ಲ. ಫೋನ್ ಮಾಡಿದ್ರ ಎತ್ತತಿರಲಿಲ್ಲ. ಈಗ ಕೆಲಸ ಐತಂತ, ಕೆಲಸ!

"ನಮ್ಮ ಮಾಲಿಂಗಗ ಎರಡನೇ ಸಂಬಂಧ ಗಟ್ಟಿ ಆತು. ಹುಕ್ಕೇರಿ ಹುಡುಗಿ," ಅಂದಳು ದುಂಡವ್ವ. "ಹಿರೇಕಿ ಗುರ್ತು ನಿನ್ನ ಕೈಲೇ ಆಗಬೇಕು."

ಅವರ ಮನಿತನದಾಗ ಅದೊಂದು ಪದ್ಧತಿ. ಹೆಂಡತಿ ಸತ್ತ ಗಂಡಸು ಇನ್ನೊಂದು ಮದುವಿ ಆದ್ರ, ಹೊಸದಾಗಿ ಬರಾಕಿ ಕೊಳ್ಳಾಗ ಸತ್ತಾಕಿ ಗುರ್ತು ಕಟಗೋಬೇಕು. ಬೆಳ್ಳಿದು, ಹುಣಸಿ ಬೀಜಕ್ಕಿಂತ ಒಂದೀಟು ದೊಡ್ಡದು. ಹೊಸ ಸೀರಿ ಬಂದ್ರ ಮೊದಲು ಅದಕ್ಕ ಮುಟ್ಟಿಸಿ ಆಮ್ಯಾಲ ಉಡಬೇಕು. ಹೋಳಗಿ ಮಾಡಿದ್ರ ಮೊದಲನೇದು ಅದರ ಮುಂದ ಇಡಬೇಕು. ಹಂಗ ಮಾಡಿದ್ರ ಹಿರೇಕಿ ಸಮಾಧಾನ ಆಗ್ತಾಳ, ಕಿರೇಕಿಗೆ ಕಾಟ ಕೊಡೂದಿಲ್ಲ. ಮತ್ತ ಆ ಗುರ್ತು ಸತ್ತಾಕಿ ತವರಮನಿಯಿಂದನ ಬರಬೇಕು, ಅದೂ ಮನಸಿಂದ. ಶಾಪ ಹಾಕಿ ಕೊಟ್ರ ನಡಿಯೂದಿಲ್ಲ.

"ಅಕ್ಕಸಾಲಿ ಅಂಗಡಿಯಾಗ ಅಚ್ಚು ಹೊಡದ ಬೊಂಬಿ ಸಿಗತಾವಲ್ಲ ಅತ್ತಿ, ಒಂದು ತಗೋರಿ," ಅಂದಳು ವಿಜಯಲಕ್ಷ್ಮಿ, ಮುಖಾ ಎತ್ತಲಾರದ.

"ಆ ಬೊಂಬಿಗೆ ಯಾರ ಮುಖ ಇರತೈತೋ ಏನೋ." ದುಂಡವ್ವ ದನಿ ಇಳಿಸಿದಳು. "ಮೂರ ಸಲ ಕನಸಿನ್ಯಾಗ ಬಂದಾಳ ಆಕಿ. ಬಾಗಲದಾಗ ನಿಂತಿರತಾಳ. ಒಳಗೂ ಬರೂದಿಲ್ಲ, ಹೊರಗೂ ಹೋಗೂದಿಲ್ಲ. ಆಕಿದು ಖರೇ ಗುರ್ತು ಬೇಕು ನನಗ. ನೀ ಮಂದಿ ಹೆಬ್ಬೆಟ್ಟು ಬೆಳ್ಳಿಯಾಗ ಮೂಡಸ್ತೀಯಂತಲ್ಲ?"

ಮೂಡಸ್ತಿದ್ದಳು, ಖರೆ. ವಿಜಯಲಕ್ಷ್ಮಿ ಮಾಡೂದು ಬೆಳ್ಳಿ ಮಣ್ಣಿನ ಕೆಲಸ. ಬೆಳ್ಳಿ ಪುಡಿಗೆ ಅಂಟು, ನೀರು ಕೂಡಿಸಿ ನಾದಿದ ಉಂಡಿ ಅದು, ಪುಣೆಯಿಂದ ಪಾಕೀಟಿನ್ಯಾಗ ಬರತಿತ್ತು. ಮನಿಯಾಗಿನ ಅವ್ವ, ಸತ್ತೆವ್ವ ಅಂತ ಆಕಿ ಹೆಸರು, ಅದಕ್ಕ ಬೆಳ್ಳಿ ಕಣಕ ಅಂತಿದ್ದಳು. ಚಪಾತಿ ಲಟ್ಟಿಸಿದಂಗ ಲಟ್ಟಿಸಬೇಕು, ಬೇಕಾದ ಗುರ್ತು ಒತ್ತಬೇಕು, ಒಣಗಸಬೇಕು, ಆಮ್ಯಾಲ ಸಣ್ಣ ಭಟ್ಟಿಯಾಗ ಸುಡಬೇಕು. ಅಂಟು ಸುಟ್ಟು ಹೋಗಿ ಅಪ್ಪಟ ಬೆಳ್ಳಿ ಉಳೀತೈತಿ. ಉಳಿಯೂ ಮುಂದ ಹತ್ತರಾಗ ಒಂದ ಪಾಲು ಕುಗ್ಗತೈತಿ, ಅದನ್ನ ಮೊದಲ ಲೆಕ್ಕ ಹಾಕಿ ದೊಡ್ಡದಾಗಿ ಮಾಡಬೇಕು. ಮಂದಿ ಕೂಸಿನ ಹೆಬ್ಬೆಟ್ಟು ತಗಸಾಕ ಬರತಿದ್ರು, ಲಗ್ನದ ಜೋಡಿಗೋಳು ಬರತಿದ್ರು, ಮುದುಕ ಅಪ್ಪನ್ನ ಆಟೋದಾಗ ಕುಂದ್ರಿಸಿಕೊಂಡು ಬರತಿದ್ರು.

ಬಂದವರು ಆಕಿ ಹತ್ಯಾರ ನೋಡಿ ನಗತಿದ್ರು. ಲಟ್ಟಣಗಿ ಅಂದ್ರ ನೀರಿನ ಪೈಪಿನ ತುಂಡು. ಎರಡೂ ಬಾಜೂ ಮೂರ ಮೂರ ಇಸ್ಪೀಟ ಎಲಿ, ಉಂಡಿ ಒಂದ ದಪ್ಪ ಬರಲಿ ಅಂತ. ಹಲ್ಲು ತಿಕ್ಕಿ ಒಗದ ಬ್ರಶ್. ಮತ್ತ ಆಕಿ ಜೀವ ಅಂದ್ರ ಜೀವ ಇದ್ದದ್ದು ಅಪ್ಪ ರಾಯಪ್ಪನ ದಬ್ಬಣ, ಕಂಬಳಿ ಹೊಲಿಯೂ ದಬ್ಬಣ. ಎಂಥಾ ಚೊಲೋ ಚಾಕು ತರಸಿದ್ರೂ ಸಣ್ಣ ಗೆರಿ ಎಳಿಯೂ ಹೊತ್ತಿಗೆ ಕೈ ಆ ದಬ್ಬಣಕ್ಕ ಹೋಗತಿತ್ತು.

"ನಿನಗ ಈ ಡಿಜೈನ್ ಎಲ್ಲಿಂದ ಹೊಳೀತಾವ?" ಅಂತ ಯಾರರ ಕೇಳಿದ್ರ "ಅಪ್ಪನ ಹಿಂದ ಕುರಿ ಕಾಯ್ದು" ಅಂತಿದ್ದಳು. ಚ್ಯಾಷ್ಟಿ ಅಲ್ಲ ಅದು. ರಾಯಪ್ಪ ಹಸಿ ನೆಲದಾಗ ಗೊರಸಿನ ಗುರ್ತು ನೋಡಿ, ಇದು ಕುಂಟ ಟಗರು, ಇದು ಗಬ್ಬದ ಕುರಿ, ಇದು ತಾನ ನಡದದ್ದಲ್ಲ, ಯಾರೋ ಎಳಕೊಂಡ ಹೋಗ್ಯಾರ ಅಂತ ಹೇಳತಿದ್ದ. ಹಿರಿಮಗಳು ಅದನ್ನೆಲ್ಲಾ ಕಲತಳು. ಅಪ್ಪ ಹೋದ ಮ್ಯಾಲ ಕುರಿ ಹೋದ್ವು, ಆ ಕಣ್ಣು ಮಾತ್ರ ಉಳೀತು. ಕಂಬಳಿ ನೇಯ್ಗಿ, ಜ್ವಾಳದ ತೆನಿ, ಅರಭಾವಿ ಕಾಲೇಜಿನ ತ್ವಾಟದಿಂದ ತಂದ ನಿಂಬಿ ಎಲಿ, ಏನ ಕಂಡ್ರೂ ಮಣ್ಣಿಗೆ ಒತ್ತಿ ನೋಡಬೇಕು ಆಕಿ. ಒಬ್ಬಾಕಿದ ಗುರ್ತು ಮಾತ್ರ ಸಿಕ್ಕಿರಲಿಲ್ಲ. ಮಾಯಾ ತವರಿಗೆ ಬಂದಾಗೊಮ್ಮೆ "ಮುಂದಿನ ಸಲ ಕೊಡತೀನಿ ತಗೋ ಅಕ್ಕಾ, ಈಗ ಕೈಯೆಲ್ಲಾ ಬಿರಕ ಬಿಟ್ಟಾವ" ಅಂತ ತಪ್ಪಿಸಿಕೊಂಡು ಹೋಗತಿದ್ದಳು.

"ಮಾಯಾಂದು ನನ್ನ ಕಡೆ ಇಲ್ಲ ಅತ್ತಿ," ಅಂದಳು ವಿಜಯಲಕ್ಷ್ಮಿ. "ಮಣ್ಣು ಹಸಿ ಇದ್ದಾಗ ಆಕಿ ಕೈಲೆ ಮುಟ್ಟಿದ್ದು ಏನರ ಬೇಕು. ಒಲಿ, ಗ್ವಾಡಿ, ಏನರ."

"ಗ್ವಾಡಿ ಐತಲ್ಲ! ಸತ್ತ ದಿನ ದಸರಾಕ್ಕಂತ ಜ್ವಾಳದ ಖೋಲಿ ಗ್ವಾಡಿನ ಮೆತ್ತಾಕತ್ತಿದ್ದಳು. ಕೈ ತೊಳಕೊಂಡ ಬರತೀನಂತ ಕೃಷಿ ಹೊಂಡಕ್ಕ ಹೋದಾಕಿ, ಕಾಲ ಜಾರಿತು, ನಮ್ಮ ದೈವ. ಆ ಗ್ವಾಡ್ಯಾಗ ಬೆರಳು ಮೂಡ್ಯಾವು. ಸಣ್ಣ ಮಗಾ ಉಮೇಶಗ ಹೇಳಿ ಒಂದು ಹೆಂಟಿ ಎಬ್ಬಿಸಿ ತರತೀನಿ." ಮುದುಕಿ ಏಳೂ ಮುಂದ ಸೆರಗು ಸರಿ ಮಾಡಿಕೊಂಡು ಇನ್ನೊಂದು ಮಾತು ಹೇಳಿದಳು. "ಮನಸಿಂದ ಮಾಡಿಕೊಡು ಯವ್ವಾ. ಮದುವಿ ಆಗಿ ಎಂಟ ದಿನಕ್ಕ ಲಕ್ಕೀನ ನಿಮ್ಮ ಕಡೆನ ಕಳಸತೀನಿ. ಇಲ್ಲೇ ಸಾಲಿ ಕಲೀಲಿ. ಹೊಸಾಕಿಗೂ ಹಗುರ ಆಗತೈತಿ."

ಸತ್ತೆವ್ವ ಒಳಗಿಂದ ಓಡಿ ಬಂದಳು. "ಬೀಗತೀ, ಚಾ ಕುಡದ ಹೋಗ್ರಿ" ಅಂದಳು, ಕಣ್ಣಾಗ ನೀರು. ಎರಡು ಗಳಿಗಿ ಹಿಂದ ಇದ್ದ ಸಿಟ್ಟು ವಿಜಯಲಕ್ಷ್ಮಿಗೂ ಎಲ್ಲಿ ಹೋತೋ ಏನೋ. ಲಕ್ಕಿ ಬರತಾಳ. ಮತ್ತ ಬ್ಯಾರೆ ಏನ ಬೇಕಾಗಿತ್ತು ಈ ಮನಿಗಿ?

ನಾಕು ದಿನಕ್ಕ ದುಂಡವ್ವ ಹೆಂಟಿ ತಂದು ಕೊಟ್ಟು ಹೋದಳು. ಹಳೇ ಸೀರಿ ತುಂಡಿನ್ಯಾಗ ಜ್ವಾಕೀಲೆ ಸುತ್ತಿತ್ತು, ಸಾಲಿ ಹುಡುಗರ ಪಾಟಿಯಷ್ಟು ದೊಡ್ಡದು. "ಉಮೇಶ ಛಲೋದು ನೋಡಿ ಎಬ್ಬಿಸ್ಯಾನ. ಬಾಗಲ ಹಿಂದ ಇತ್ತಂತ, ಅದಕ್ಕ ಯಾರೂ ತಿಕ್ಕಿ ಕೆಡಿಸಿಲ್ಲ," ಅಂದಳು.

ಮಧ್ಯಾಹ್ನ ವಿಜಯಲಕ್ಷ್ಮಿ ಒಬ್ಬಾಕಿನ ಕೂತು ಅಚ್ಚು ತಗಿಯೂ ರಬ್ಬರ್ ಹಿಟ್ಟು ಕಲಿಸಿದಳು. ಹಳದಿ ಒಂದು ಉಂಡಿ, ಬಿಳಿ ಒಂದು ಉಂಡಿ, ಎರಡೂ ನಾದಿ ಕುಣಿಯೊಳಗ ಒತ್ತಿದ್ರ ಹತ್ತು ನಿಮಿಷದಾಗ ಬಿಗೀತೈತಿ. ಮಣ್ಣಿನ ಪುಡಿ ಬ್ರಶ್‌ನಿಂದ ಝಾಡಿಸಿದಳು, ಹಿಟ್ಟು ಒತ್ತಿದಳು, ಕಾಯ್ದಳು, ಸುಲದಳು. ಹೊಳ್ಳಿಸಿ ನೋಡಿದ್ರ ತಂಗಿ ಬೆರಳು ರಬ್ಬರಿನಿಂದ ಎದ್ದು ನಿಂತಿದ್ವು. ನಾಕೂ ಬೆರಳು. ಯವ್ವಾ! ಮುಟ್ಟಬೇಕಂತ ಕೈ ಚಾಚಿದಾಕಿ ಅಲ್ಲೇ ನಿಂತಳು.

ಮೆತ್ತೂ ಕೈ ಅಡ್ಡಡ್ಡ ಹೋಗತೈತಿ, ಅಂಗೈ ಸವರಿಕೊಂತ ಹೋಗತೈತಿ. ಇದು ಸವರಿದ್ದಲ್ಲ. ಮ್ಯಾಲ ಉಗರು ಆಳಕ್ಕ ನೆಟ್ಟಿದ್ವು, ಅಲ್ಲಿಂದ ಗೇಣುದ್ದ ಕೆಳಗ ಗೀರಿಕೊಂತ ಬಂದಿದ್ವು. ಕೆಳಗ ಮಣ್ಣು ಒಟ್ಟಿಕೊಂಡಿತ್ತು. ಎರಡು ಬೆರಳಿನ ಗೆರಿ ನಡುವನ ಹರದಿದ್ವು, ಅಲ್ಲಿ ಉಗರು ಮುರದಿತ್ತು. ಮಾಯಾನ ಹೆಣಕ್ಕ ನೀರ ಹಾಕಿದಾಕಿ ಇದ ವಿಜಯಲಕ್ಷ್ಮಿ. ಎರಡು ಉಗರು ಮುರದದ್ದು ಆವತ್ತ ನೋಡಿದ್ದಳು. "ಹೊಂಡದ ಪ್ಲಾಸ್ಟಿಕ್ ಹಾಳಿ ಹಿಡಕೊಂಡು ಏರಾಕ ಹೋಗಿ ಮುರದಾವ" ಅಂದಿದ್ದ ಮಾಲಿಂಗ. ಈ ಹುಚ್ಚಿ ನಂಬಿದ್ದಳು.

ಬೆರಳಿನ ಬಾಜೂಕ ಇನ್ನೊಂದು ಗುರ್ತು ಇತ್ತು. ದಪ್ಪ ಹೆಬ್ಬೆಟ್ಟು, ಗ್ವಾಡಿಯೊಳಗ ಬಲವಾಗಿ ಊರಿದ್ದು, ನಡುವ ಅಡ್ಡ ಗಾಯದ ಗೆರಿ. ಅದನ್ನ ನೋಡಿದ ಕೂಡಲೆ ಯಾರದಂತ ಯಾರೂ ಹೇಳೂದು ಬೇಕಾಗಿರಲಿಲ್ಲ. ಕಬ್ಬು ಕಡಿಯೂ ಮುಂದ ಮಾಲಿಂಗನ ಬಲಗೈ ಹೆಬ್ಬೆಟ್ಟಿಗೆ ಕುಡಗೋಲು ಬಡದಾಗ ಮೂಡಲಗಿ ದವಾಖಾನಿಯಾಗ ಕೂತು ಹೊಲಿಗಿ ಹಾಕಿಸಿದಾಕಿ ವಿಜಯಲಕ್ಷ್ಮಿನ. ಒಂದು ಕೈಲೆ ಹೆಂಡತೀನ ಹಿಡದಾನ, ಇನ್ನೊಂದು ಕೈ ಗ್ವಾಡಿಗೆ ಊರ್ಯಾನ. ಆಕಿ ಬಾಗಲ ಕಡೆ ಹೋಗಾಕ ಗ್ವಾಡಿ ಹಿಡಕೊಂಡಾಳ, ಇವ ಎಳದಾನ. ಹೊಂಡ ಆಮ್ಯಾಲಿಂದು.

ಕೊಂದ ಕೈಯ ಗುರ್ತು ಅರಬಿಯಾಗ ಸುತ್ತಿ ತಾವ ತಂದು ಕೊಟ್ಟಿದ್ರು! ಬೆರಳು ಅಂದ್ರ ಬೆರಳು ಅಷ್ಟ, ಅವರ ಲೆಕ್ಕದಾಗ. ಸತ್ತಾಕಿಗೆ ಅಂಜಿ ತಂದಿದ್ರು. ಜೀವಂತ ಇದ್ದಾಗ ಒಂದ ದಿನರ ಅಂಜಿದ್ರ ಆಕಿ ಇವತ್ತ ಇರತಿದ್ದಳು. ವಿಜಯಲಕ್ಷ್ಮಿ ಹೆಂಟಿ ಎತಗೊಂಡು ಎರಡು ಮನಿ ಆಚೆ ಇದ್ದ ವಕೀಲ ಬಾಯಿ ಕಡೆ ಹೋದಳು. ಆ ಬಾಯಿ ಮಗನ ಹೆಬ್ಬೆಟ್ಟು ಮಾಡಿಸಿಕೊಂಡ ಗಿರಾಕಿ.

ವಕೀಲ ಬಾಯಿ ಬಾಳ ಹೊತ್ತು ನೋಡಿದಳು. "ಇದನ್ನ ಎಬ್ಬಿಸಿದಾವ ಬಂದು, ನಾನ ಎಬ್ಬಿಸಿದೆ, ಆ ಗ್ವಾಡೀದು ಅಂತ ಹೇಳತಾನೇನು?"

"ಮಾಲಿಂಗ ಆತನ ಖಾಸ ಅಣ್ಣ. ಎಲ್ಲಿ ಹೇಳತಾನ?"

"ಹಂಗಾದ್ರ ನಿಮ್ಮ ಕೈಯಾಗ ಇರೂದು ಬರೇ ಮಣ್ಣು. ನೀವ ಮಾಡೀರಿ ಅಂತಾರ, ನಿಮ್ಮ ಉದ್ಯೋಗನ ಅದಲ್ಲ? ಅರ್ಜಿ ಕೊಡೋಣ, ನಾ ಒಲ್ಲೆ ಅನ್ನೂದಿಲ್ಲ. ಆದ್ರ ಮೊದಲು ಆ ಕೂಸನ್ನ ಹೊರಗ ತರಿಸ್ಕೋರಿ. ಅರ್ಜಿ ಬಿದ್ದ ದಿನ ಅವರು ಬಾಗಲಾ ಹಾಕ್ಕೋತಾರ."

ಮನಿಗಿ ಬಂದು ಅವ್ವಗ ಎಲ್ಲಾ ಹೇಳಿದಳು. ಸತ್ತೆವ್ವ ಆ ರಬ್ಬರಿನ ಬೆರಳು ಒಂದೊಂದ ಸವರಿದಳು. ಅಳಲಿಲ್ಲ. ಅತ್ತಿದ್ರ ಚೊಲೋ ಇತ್ತು.

"ಬಾಯಿ ಮುಚಗೊಂಡು ಗುರ್ತು ಮಾಡಿಕೊಡು," ಅಂದಳು.

"ಅವ್ವಾ!"

"ನನ್ನ ಮ್ಯಾಲ ಆಣಿ ಮಾಡು. ಹೋದಾಕಿ ಹೋದಳು. ಆಕಿ ಹೊಟ್ಟ್ಯಾಗ ಹುಟ್ಟಿದ್ದರ ನನ್ನ ಕೈಗಿ ಬರಲಿ. ನೀ ಒಂದ ಮಾತ ಆಡಿದ್ರ ಲಕ್ಕಿ ಆ ಮನಿಯಾಗನ ಬೆಳೀತಾಳ. ಆ ಖೋಲಿ ಬಾಜೂಕ ಮಲಗತಾಳ. ಆದೀತೇನು ನಿನಗ?"

"ಮತ್ತ ಆ ಹುಕ್ಕೇರಿ ಹುಡುಗಿ?"

"ಆಕಿಗಿ ಅವ್ವ ಇಲ್ಲೇನು?" ಅಂದಳು ಸತ್ತೆವ್ವ, ಮತ್ತ ಎದ್ದು ಒಳಗ ಹೋದಳು.

ವಿಜಯಲಕ್ಷ್ಮಿ ಆಣಿ ಮಾಡಿದಳು. ಮಾಡಿದ ಮ್ಯಾಲ ಕೆಲಸಕ್ಕ ಕೂತಳು. ತಂಗಿ ತೋರಬೆರಳ ತುದಿ ಅಷ್ಟ ತಗೊಂಡಳು, ಉಗರು ಬಿಟ್ಟು, ಗೀರು ಬಿಟ್ಟು. ಪಾಪ ಮಾಡಾಕತ್ತೇನಿ ಅನ್ನೂದು ಆಕಿಗೆ ಗೊತ್ತಿತ್ತು. ಲಟ್ಟಿಸಿದ ಬೆಳ್ಳಿ ಮಣ್ಣಿಗೆ ಬೆರಳು ಒತ್ತಿದಳು, ಅಂಚು ಕೊಯ್ದಳು, ದಾರ ಪೋಣಸಾಕ ದಬ್ಬಣದಿಂದ ತೂತು ಹಾಕಿದಳು. ಹತ್ತು ವರ್ಷದಾಗ ಮೊದಲನೇ ಸಲ ದಬ್ಬಣ ಜಾರಿ ಕೈಯಾಗ ನಟ್ಟಿತು. ಒಣಗಿದ್ದನ್ನ ಭಟ್ಟಿಯಾಗ ಇಟ್ಟಳು. ಸುಟ್ಟು ಹೊರಗ ಬಂದಾಗ ಬೆಳ್ಳಿ ಸುಣ್ಣದಂಗ ಬೆಳ್ಳಗ ಇರತೈತಿ, ತಂತಿ ಬ್ರಶ್ ಹಾಕಿ ತಿಕ್ಕಿದ್ರ ಹೊಳಪು ಬರತೈತಿ. ತಿಕ್ಕಿದಳು. ಅಷ್ಟು ನಾಜೂಕ ಕೆಲಸ ಆಕಿ ಕೈಯಾಗ ಎಂದೂ ಆಗಿರಲಿಲ್ಲ, ಅದಕ್ಕ ಇನ್ನೂ ಸಂಕಟ ಆತು.

ಮದುವಿಗೆ ಆರು ದಿನ ಇದ್ದಾಗ ದುಂಡವ್ವ ಮದುಮಗಳನ್ನ ಕರ್ಕೊಂಡ ಬಂದಳು, ದಾರದ ಅಳತಿ ನೋಡಾಕ. ಹುಡುಗಿ ಹೆಸರು ಅನ್ನಪೂರ್ಣಾ. ಹುಡುಗಿ ಅನ್ನೂದು ಅಷ್ಟ, ಮೂವತ್ತೆರಡು ದಾಟಿದಾಕಿ. ಎತ್ತರದ ಹೆಣ್ಣು, ಮಾತು ಕಡಿಮಿ, ಕೂತಲ್ಲೆ ಖೋಲಿ ಎಲ್ಲಾ ಒಂದ ಸಲ ಕಣ್ಣಾಡಿಸಿ ನೋಡಿ ಕೆಳಗ ನೋಡಿಕೊಂತ ಕೂತಳು. ದುಂಡವ್ವ ಗುರ್ತು ಕೈಯಾಗ ಹಿಡಕೊಂಡು ಕಣ್ಣಿಗೆ ಒತ್ತಿಕೊಂಡಳು. "ಆಕಿನ. ಖರೇನ ಆಕಿನ," ಅಂತ ಗಲ್ಲ ಗಲ್ಲ ಬಡಕೊಂಡು, "ನೀವು ದಾರ ನೋಡ್ರಿ, ನಾ ಬಳಿ ಅಂಗಡಿಗೆ ಹೋಗಿ ಬರತೀನಿ" ಅಂತ ಮೆಟ್ಟಲಾ ಇಳದಳು.

ಅನ್ನಪೂರ್ಣಾನ ಕೊಳ್ಳಿಗೆ ದಾರ ಹಿಡದಾಗ ವಿಜಯಲಕ್ಷ್ಮಿ ಬೆರಳಿಗೆ ಆಕಿ ಕುತ್ತಿಗಿ ಬಿಸಿ ತಾಗಿತು. ನರ ಬಡಕೊಳ್ಳಾಕತ್ತಿತ್ತು. ಅಷ್ಟ ಸಾಕಾತು. ಆಣಿ ಎಲ್ಲಾ ಗಾಳಿಗೆ ಹೋತು. ಒಳಗ ಹೋಗಿ ಹೆಂಟಿ ತಂದು ಆಕಿ ಮುಂದ ಇಟ್ಟಳು.

"ಇದನ್ನ ನೋಡ್ರಿ. ಇದು ನನ್ನ ತಂಗಿ ಉಗರು. ಇದು ನೀವು ಲಗ್ನ ಆಗಾವನ ಹೆಬ್ಬೆಟ್ಟು. ಆಕಿ ಹೊಂಡದಾಗ ಜಾರಿ ಬಿದ್ದಿಲ್ಲ. ಒಯ್ದು ಹಾಕ್ಯಾರ. ಈ ಮದುವಿ ಬ್ಯಾಡ ಅನ್ರಿ. ಕೈ ಮುಗೀತೀನಿ, ಬ್ಯಾಡ ಅನ್ರಿ."

ಲಕ್ಕಿ ಹೋದಳು, ಇನ್ನ ಆ ಕೂಸು ತನ್ನ ಕೈಗಿ ಸಿಗೂದಿಲ್ಲ, ಅವ್ವನ ಮುಖಾ ಹೆಂಗ ನೋಡಲಿ ಅಂತ ನಿಂತಳು.

ಅನ್ನಪೂರ್ಣಾ ಹೆಂಟಿ ಮುಟ್ಟಲಿಲ್ಲ. "ಗೊತ್ತೈತ್ರಿ ಅಕ್ಕಾರ," ಅಂದಳು.

"ಯಾರ ಹೇಳಿದ್ರು?"

"ಯಾರ ಹೇಳತಾರ್ರಿ? ಮನಿ ನೋಡಾಕ ಹೋಗಿದ್ವಿ. ಆ ಜ್ವಾಳದ ಖೋಲಿಗೆ ಹೊರಗ ಎರಡು ಚಿಲಕ ಇದ್ವು, ಒಳಗ ಒಂದೂ ಇರಲಿಲ್ಲ. ನಾ ನೋಡಿದೆ. ನಮ್ಮಪ್ಪನೂ ನೋಡಿದ. ಹೊಳ್ಳಿ ಬರೂ ಮುಂದ ಬಸ್ಸಿನ್ಯಾಗ ಒಂದೂ ಮಾತಾಡಲಿಲ್ಲ. ಗೋಕಾಕ ದಾಟಿದ ಮ್ಯಾಲ 'ಹುಡುಗ ದುಡೀತಾನ' ಅಂದ. ಅಷ್ಟ."

"ನೀವು ಬ್ಯಾಡ ಅನ್ನಬೇಕಿಲ್ಲೇನು?"

"ಎರಡ ಸಲ ಅಂದೇನ್ರಿ. ನನ್ನ ಬೆನ್ನಿಗೆ ಇಬ್ಬರು ತಂಗಿದೇರು ಅದಾರ. ನಾ ಕೂತಷ್ಟು ದಿನ ಅವರೂ ಕೂಡತಾರ. ಮೂರನೇ ಸಲ ನಮ್ಮವ್ವ ನನ್ನ ಕಾಲ ಹಿಡದಳು." ಆಕಿ ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿದಳು. "ಅತ್ತಿ ಮುಂದ ನಾ ಏನೂ ಹೇಳೂದಿಲ್ಲ, ಅಂಜಬ್ಯಾಡ್ರಿ. ನಿಮ್ಮ ಹುಡುಗೀನ ನಿಮಗ ತಂದ ಒಪ್ಪಸೂದು ನನ್ನ ಕಡೆ ಬಿಡ್ರಿ."

ವಿಜಯಲಕ್ಷ್ಮಿಗೆ ಸಮಾಧಾನ ಆತು. ಎದಿ ಮ್ಯಾಲಿನ ಕಲ್ಲು ಇಳದಂಗ ಆತು, ಸುಳ್ಳ ಯಾಕ? ಮತ್ತ ಹಂಗ ಆದದ್ದಕ್ಕ ಆಕಿಗೆ ತನ್ನ ಮ್ಯಾಲ ತನಗ ಹೇಸಿಗಿ ಬಂತು.

"ಅಕ್ಕಾರ, ನಂದೂ ಒಂದು ತಗೊಂಡು ಇಡ್ರಿ," ಅಂದಳು ಅನ್ನಪೂರ್ಣಾ.

"ಏನು?"

"ಗುರ್ತು. ನಾಳೆ ಮತ್ತೊಬ್ಬಾಕಿ ಬಂದ್ರ ಗ್ವಾಡಿ ಒಡಿಯೂದರ ತಪ್ಪತೈತಿ."

ನಗಲಿಲ್ಲ, ಅಳಲಿಲ್ಲ. ಹೆಬ್ಬೆಟ್ಟು ಮುಂದ ಚಾಚಿ ಕೂತಿದ್ದಳು. ವಿಜಯಲಕ್ಷ್ಮಿ "ಬಿಡ್ತು ಅನ್ರಿ" ಅಂದಳು. ಆದ್ರ ಚಾಚಿದ ಕೈ ಹಿಂದ ಹೋಗಲಿಲ್ಲ. ಕಡಿಕ ಎರಡು ಬಣ್ಣದ ಹಿಟ್ಟು ನಾದಿ ಉಂಡಿ ಮಾಡಿದಳು, ಅನ್ನಪೂರ್ಣಾ ಹೆಬ್ಬೆಟ್ಟು ಒತ್ತಿದಳು. ಯಾಕ ತಗೊಂಡೆ ಅಂತ ವಿಜಯಲಕ್ಷ್ಮಿಗೆ ಇವತ್ತಿಗೂ ಗೊತ್ತಿಲ್ಲ. ನಿಮಗೇನೂ ಆಗೂದಿಲ್ಲ ಅಂತ ಬಾಯಿಬಿಟ್ಟು ಹೇಳಾಕ ಧೈರ್ಯ ಇರಲಿಲ್ಲ, ಅದಕ್ಕ ಇರಬೇಕು.

ಮದುವಿ ಆತು. ಇವರು ಹೋಗಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಮೆಟ್ಟಲಾ ಮ್ಯಾಲ ಸಣ್ಣ ಕಾಲಿನ ಸಪ್ಪಳ ಕೇಳಿ ಸತ್ತೆವ್ವ ಹಿಟ್ಟಿನ ಕೈಲೇ ಹೊರಗ ಓಡಿ ಬಂದಳು. ಲಕ್ಕಿ! ಎಣ್ಣಿ ಹಚ್ಚಿ ಬಿಗಿದ ಎರಡು ಹೆರಳು, ಹೊಸ ಫ್ರಾಕು, ಕೈಯಾಗ ಅರಬಿ ಚೀಲ. ಹಿಂದ ಅನ್ನಪೂರ್ಣಾ. ಆಕಿ ಕೊಳ್ಳಾಗ ಕರಿಮಣಿ ಸರದ ಬಾಜೂಕ ಆ ಬೆಳ್ಳಿ ಗುರ್ತು, ಎಡಗಡೆ ಗಲ್ಲದ ಮ್ಯಾಲ ಹಳದಿಗೆ ತಿರುಗಿದ ಬಾವು. ಒಂಬತ್ತ ದಿನಕ್ಕ!

ಸತ್ತೆವ್ವ ಕೂಸನ್ನ ಅಪ್ಪಿಕೊಂಡು ಕೆಳಗ ಕೂತಬಿಟ್ಟಳು. ಒಂದೂವರಿ ವರ್ಷದ ಅಳು ಎಲ್ಲಾ ಅಲ್ಲೇ ಅತ್ತಳು. ಲಕ್ಕಿ ಅಜ್ಜಿ ಹಿಡತದಿಂದ ಬಿಡಿಸಿಕೊಂಡು "ದೊಡ್ಡವ್ವಾ" ಅಂತ ವಿಜಯಲಕ್ಷ್ಮಿ ಎಡಗೈ ಹಿಡಕೊಂಡಳು.

"ಒಳಗ ಬರ್ರಿ, ಕುಂದ್ರ್ರಿ," ಅಂದಳು ವಿಜಯಲಕ್ಷ್ಮಿ.

"ಇಲ್ರಿ, ನಾಕರ ಬಸ್ಸಿಗೆ ಹೋಗಬೇಕು. ಉಮೇಶ ಬಸ್ ಸ್ಟ್ಯಾಂಡಿನ್ಯಾಗ ಕಾಯಾಕತ್ತಾನ."

"ಹೋಗಬ್ಯಾಡ್ರಿ. ಲಕ್ಕಿ ಬಂದಳಲ್ಲ, ಇನ್ನ ಯಾರ ಅಂಜಿಕಿ? ವಕೀಲ ಬಾಯಿ ಇಲ್ಲೇ ಅದಾಳ, ಎರಡು ಮನಿ ಆಚೆ. ಇವತ್ತ ಅರ್ಜಿ ಕೊಡೋಣು."

ಅನ್ನಪೂರ್ಣಾ ಲಕ್ಕಿ ತಲಿ ಮ್ಯಾಲ ಕೈ ಇಟ್ಟಳು. "ನಾ ಹೋಗಲಿಲ್ಲಂದ್ರ ಸಂಜಿಕ ಈ ಕೂಸನ್ನ ಒಯ್ಯಾಕ ಬರತಾರ್ರಿ. ಅಪ್ಪ ಅದಾನ, ಅವನ ಮಗಳು. ಯಾರ ತಡೀತಾರ? ನಾ ಅಲ್ಲಿ ಇರೂತನಕ ಇಕಿ ಸುದ್ದಿಗೆ ಬರೂದಿಲ್ಲ. ಹಂಗ ಮಾತಾಗೇತಿ." ಆಮ್ಯಾಲ, ಮನಿಯವರಿಗೆ ಹೇಳಿ ಹೋಗೂವಂಗ, "ಬರತೀನ್ರಿ ಅಕ್ಕಾರ. ಇಕಿಗಿ ಹಾಲಿನ ಕೆನಿ ಸೇರೂದಿಲ್ಲ, ಸೋಸಿ ಕೊಡ್ರಿ," ಅಂದಳು.

ತಿರುಗಿ ಮೆಟ್ಟಲಾ ಇಳಿಯಾಕತ್ತಳು. ಒಂದೊಂದ ಮೆಟ್ಟಲಾ ಗ್ವಾಡಿ ಹಿಡಕೊಂಡು ಇಳದಳು, ಸೊಂಟಕ್ಕೂ ಏನೋ ಆಗಿತ್ತು. ಮೊದಲನೇ ಮೆಟ್ಟಲದಾಗ ಆಕಿ ರಟ್ಟಿ ವಿಜಯಲಕ್ಷ್ಮಿಗೆ ಮೊಳದ ಅಂತರದಾಗ ಇತ್ತು. ಹಿಡಕೋಬೇಕಾಗಿತ್ತು. ಹಿಡದು ಒಳಗ ಎಳಕೊಂಡು ಬಾಗಲಾ ಹಾಕಬೇಕಾಗಿತ್ತು. ಬಂದಾವರು ಬರಲಿ, ಓಣಿ ಕೂಡಲಿ, ಏನ ಆಗತೈತೋ ಆಗಲಿ ಅನ್ನಬೇಕಾಗಿತ್ತು. ವಿಜಯಲಕ್ಷ್ಮಿ ಹಿಡೀಲಿಲ್ಲ. ಒಂದು ಕೈಯಾಗ ಲಕ್ಕಿ ಇದ್ದಳು. ಇನ್ನೊಂದು ಕೈ ಖಾಲಿನ ಇತ್ತು.